ಕೊಲೆಸ್ಟ್ರಾಲ್ ಮಾತ್ರೆ ಬೇಕೋ ಬೇಡವೋ, ಬೇಕಾದರೆ ಯಾವುದು: ಅನುಮಾನ ಇರುವವರಿಗೊಂದು ಹೋಲಿಕೆ

ಕೊಲೆಸ್ಟ್ರಾಲ್ ಮಾತ್ರೆಯ ಚೀಟಿ ಕೈಗೆ ಬಂದಾಗ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡು. ಈ ಮಾತ್ರೆ ನಿಜವಾಗಿ ಹೃದಯಾಘಾತ ತಪ್ಪಿಸುತ್ತದೆಯೇ ಎನ್ನುವುದು ಒಂದು. ಇದನ್ನು ಬರೆದದ್ದು ನನ್ನ ಒಳಿತಿಗೋ, ಕಂಪನಿಯ ಲಾಭಕ್ಕೋ ಎನ್ನುವುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಎರಡನ್ನೂ ಒಂದೇ ಗಂಟಾಗಿ ಕಟ್ಟಿದರೆ ಎಡವಟ್ಟಾಗುತ್ತದೆ. ಕಂಪನಿಯ ಮೇಲಿನ ಸಿಟ್ಟಿನಲ್ಲಿ, ಒಮ್ಮೆ ಹೃದಯಾಘಾತ ಆದವರು ತಮಗೆ ತೀರಾ ಅಗತ್ಯವಾದ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಇತ್ತ, ಹೆಚ್ಚೇನೂ ಲಾಭವಿಲ್ಲದವರು ಕೇಳದೆ ಮಾಡದೆ ಹೊಸ ದುಬಾರಿ ಔಷಧ ನುಂಗುತ್ತಾರೆ.

ಅನುಮಾನ ಪಡಿ, ಆದರೆ ಎಲ್ಲ ಔಷಧದ ಮೇಲೂ ಎಲ್ಲರ ವಿಷಯದಲ್ಲೂ ಒಂದೇ ಅಳತೆಯ ಅನುಮಾನ ಬೇಡ. ಎಲ್ಲಿ ಪುರಾವೆ ಗಟ್ಟಿ, ಎಲ್ಲಿ ಹಣದ ಪ್ರಭಾವ ಜೋರು ಎಂದು ಒಂದೊಂದಾಗಿ ನೋಡಿದರೆ ಆಯ್ಕೆ ಸುಲಭವಾಗುತ್ತದೆ.

ಮೊದಲು ನೀವು ಯಾವ ಗುಂಪಿನವರು ನೋಡಿಕೊಳ್ಳಿ

ಔಷಧ ಔಷಧವನ್ನು ಹೋಲಿಸುವ ಮುಂಚೆ ಇದು ತಿಳಿಯಬೇಕು, ಏಕೆಂದರೆ ಒಂದೇ ಮಾತ್ರೆಯ ಲಾಭ ಒಬ್ಬರಿಂದ ಒಬ್ಬರಿಗೆ ಹಲವು ಪಟ್ಟು ಬದಲಾಗುತ್ತದೆ.

ಹೃದಯಾಘಾತ, ಸ್ಟೆಂಟ್, ಬೈಪಾಸ್, ರಕ್ತ ಹೆಪ್ಪುಗಟ್ಟಿ ಬಂದ ಪಾರ್ಶ್ವವಾಯು, ಕಾಲಿನ ರಕ್ತನಾಳ ಕಟ್ಟಿಕೊಂಡ ಕಾಯಿಲೆ, ಇವುಗಳಲ್ಲಿ ಒಂದಾದರೂ ಆಗಿರುವವರದು ಮೊದಲ ಗುಂಪು. «ಕೆಟ್ಟ» ಕೊಲೆಸ್ಟ್ರಾಲ್ ಎನಿಸಿದ ಎಲ್‌ಡಿಎಲ್ ಡೆಸಿಲೀಟರಿಗೆ 190 ಮಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರುವವರದು ಎರಡನೆಯದು. ಇವರಲ್ಲಿ ಕೆಲವರಿಗೆ ಹುಟ್ಟಿನಿಂದಲೇ ಬಂದ ಕೌಟುಂಬಿಕ ಕೊಲೆಸ್ಟ್ರಾಲ್ ದೋಷವಿರುತ್ತದೆ; ಸುಮಾರು 250 ಜನರಲ್ಲಿ ಒಬ್ಬರಿಗೆ ಈ ದೋಷವಿದೆ. 40 ದಾಟಿದ ಮಧುಮೇಹಿಗಳದು ಮೂರನೆಯದು. ಇದ್ಯಾವುದೂ ಇಲ್ಲದೆ ರಕ್ತಪರೀಕ್ಷೆಯಲ್ಲಿ ಅಂಕಿ ಮಾತ್ರ ಏರಿರುವವರದು ನಾಲ್ಕನೆಯದು. ನಿಜವಾದ ಚರ್ಚೆ ಇರುವುದು ಈ ನಾಲ್ಕನೆಯ ಗುಂಪಿನಲ್ಲಿ. ಮೊದಲ ಎರಡರಲ್ಲಿ ಮಾತ್ರೆ ಬೇಕೇ ಎಂಬ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ತೀರ್ಮಾನವಾಗಿದೆ.

ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. 1994ರಲ್ಲಿ ಪ್ರಕಟವಾದ 4ಎಸ್ ಎಂಬ ಸ್ಕ್ಯಾಂಡಿನೇವಿಯದ ಪ್ರಯೋಗದಲ್ಲಿ ಆಗಲೇ ಹೃದ್ರೋಗವಿದ್ದ 4,444 ಜನರಿದ್ದರು. ಅರ್ಧ ಜನಕ್ಕೆ ಸಿಮ್ವಾಸ್ಟಾಟಿನ್ (ಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆಗಳ ಗುಂಪಿನದು), ಅರ್ಧ ಜನಕ್ಕೆ ಔಷಧವಿಲ್ಲದ ಹುಸಿ ಗುಳಿಗೆ. ಸರಾಸರಿ 5.4 ವರ್ಷದಲ್ಲಿ ಹುಸಿ ಗುಳಿಗೆಯವರಲ್ಲಿ 256 ಮಂದಿ ತೀರಿಕೊಂಡರು, ಔಷಧದವರಲ್ಲಿ 182. ಹಣ ಕೊಟ್ಟದ್ದು ಔಷಧ ಕಂಪನಿಯೇ ಹೌದು. ಆದರೆ ಸಾವನ್ನು ಎಣಿಸುವಾಗ ವ್ಯಾಖ್ಯಾನ ಬದಲಿಸಿ ಆಟವಾಡಲು ಜಾಗವಿಲ್ಲ. ಮುಂದೆ ಬೇರೆ ಬೇರೆ ಔಷಧ, ಬೇರೆ ಬೇರೆ ದೇಶ, ಬೇರೆ ಬೇರೆ ತಂಡಗಳ ಪ್ರಯೋಗಗಳೂ ಅದೇ ದಿಕ್ಕನ್ನು ತೋರಿಸಿದವು.

ಜಾಹೀರಾತಿನ ಶೇಕಡಾವಾರು, ನಿಮ್ಮ ಶೇಕಡಾವಾರು

ಈಗ ನಾಲ್ಕನೆಯ ಗುಂಪಿಗೆ ಬರೋಣ. 2003ರ ಆಸ್ಕಾಟ್ ಪ್ರಯೋಗದಲ್ಲಿ ರಕ್ತದೊತ್ತಡದ ಜೊತೆಗೆ ಬೇರೆ ಅಪಾಯಾಂಶಗಳೂ ಇದ್ದ 10,305 ಜನರಿಗೆ ಅಟೊರ್ವಸ್ಟಾಟಿನ್ 10 ಮಿಗ್ರಾಂ ಅಥವಾ ಹುಸಿ ಗುಳಿಗೆ ಕೊಟ್ಟರು. ಸುಮಾರು 3.3 ವರ್ಷದಲ್ಲಿ ಹುಸಿ ಗುಳಿಗೆಯವರಲ್ಲಿ 154 ಮಂದಿಗೆ ಹೃದಯಾಘಾತವೋ ಹೃದ್ರೋಗದ ಸಾವೋ ಆಯಿತು, ಔಷಧದವರಲ್ಲಿ 100 ಮಂದಿಗೆ. ಕಂಪನಿಯ ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬಂದದ್ದು «ಶೇ. 36 ಇಳಿಕೆ». ಸಣ್ಣ ಅಕ್ಷರದಲ್ಲಿದ್ದದ್ದು ನೂರಕ್ಕೆ 3 ಇದ್ದದ್ದು ನೂರಕ್ಕೆ 2 ಆಯಿತು ಎಂಬ ವಿಷಯ. ಎರಡೂ ಸುಳ್ಳಲ್ಲ. ಆದರೆ ನಿರ್ಧಾರ ಮಾಡುವವರಿಗೆ ಬೇಕಾದದ್ದು ಎರಡನೆಯದು.

ನಿಮ್ಮ ಲೆಕ್ಕವನ್ನು ನೀವೇ ಹಾಕಬಹುದು. ಆಕ್ಸ್‌ಫರ್ಡ್‌ನ ಸಿಟಿಟಿ ತಂಡ 2010ರಲ್ಲಿ ಸುಮಾರು 1,70,000 ಜನರ ಪ್ರಯೋಗಗಳನ್ನು ಒಟ್ಟುಗೂಡಿಸಿ ಕಂಡದ್ದು: ಎಲ್‌ಡಿಎಲ್ ಪ್ರತಿ 39 ಮಿಗ್ರಾಂ ಇಳಿದಂತೆ ದೊಡ್ಡ ಹೃದಯ ಮತ್ತು ರಕ್ತನಾಳದ ಘಟನೆಗಳು (ಹೃದಯಾಘಾತ, ಪಾರ್ಶ್ವವಾಯುವಿನಂಥವು) ಸುಮಾರು ಶೇ. 22 ಇಳಿಯುತ್ತವೆ. ನಿಮ್ಮ ಎಲ್‌ಡಿಎಲ್ 160 ಎಂದಿಟ್ಟುಕೊಳ್ಳಿ. ಮಧ್ಯಮ ಪ್ರಮಾಣದ ಸ್ಟಾಟಿನ್ ಅದನ್ನು ಶೇ. 35ರಷ್ಟು, ಅಂದರೆ 56 ಮಿಗ್ರಾಂ ಇಳಿಸಿದರೆ ಅಪಾಯ ಸುಮಾರು ಶೇ. 30 ತಗ್ಗುತ್ತದೆ. ಈಗ 10 ವರ್ಷದ ಅಪಾಯವನ್ನು, ಅಂದರೆ ಮುಂದಿನ 10 ವರ್ಷದಲ್ಲಿ ಇಂಥ ಘಟನೆ ಆಗುವ ಸಾಧ್ಯತೆಯನ್ನು, ಅದಕ್ಕೆ ಜೋಡಿಸಿ. ಅಪಾಯ ನೂರಕ್ಕೆ 20 ಇದ್ದವರಿಗೆ ಅದು 14ಕ್ಕೆ ಇಳಿಯುತ್ತದೆ. 17 ಮಂದಿ 10 ವರ್ಷ ನುಂಗಿದರೆ ಒಬ್ಬರಿಗೆ ಘಟನೆ ತಪ್ಪುತ್ತದೆ. ಅಪಾಯ ನೂರಕ್ಕೆ 6 ಇದ್ದವರಿಗೆ ಅದು 4.2ಕ್ಕೆ ಇಳಿಯುತ್ತದೆ, ಒಬ್ಬರಿಗೆ ತಪ್ಪಲು 56 ಮಂದಿ ನುಂಗಬೇಕು. ಮಾತ್ರೆ ಅದೇ, ಇಳಿಕೆಯೂ ಅದೇ ಶೇ. 30. ಇನ್ನು ಎಲ್‌ಡಿಎಲ್ ಮೊದಲೇ 90 ಇದ್ದರೆ ಅದೇ ಮಾತ್ರೆ 31 ಮಿಗ್ರಾಂ ಮಾತ್ರ ಇಳಿಸುತ್ತದೆ, ಅಪಾಯದ ಇಳಿಕೆಯೂ ಶೇ. 18ರ ಆಸುಪಾಸಿಗೆ ಬರುತ್ತದೆ.

ಅದಕ್ಕೇ ವೈದ್ಯರಿಗೆ ಕೇಳಬೇಕಾದ ಮೊದಲ ಪ್ರಶ್ನೆ «ನನ್ನ ಕೊಲೆಸ್ಟ್ರಾಲ್ ಎಷ್ಟು» ಅಲ್ಲ, «ನನ್ನ 10 ವರ್ಷದ ಅಪಾಯ ನೂರಕ್ಕೆ ಎಷ್ಟು» ಎನ್ನುವುದು. ವಯಸ್ಸು, ಲಿಂಗ, ರಕ್ತದೊತ್ತಡ, ಧೂಮಪಾನ, ಮಧುಮೇಹ, ಒಟ್ಟು ಕೊಲೆಸ್ಟ್ರಾಲ್, «ಒಳ್ಳೆಯ» ಕೊಲೆಸ್ಟ್ರಾಲ್ ಎನಿಸಿದ ಎಚ್‌ಡಿಎಲ್ ಹಾಕಿದರೆ ಅಪಾಯದ ಕ್ಯಾಲ್ಕುಲೇಟರ್ ಎರಡು ನಿಮಿಷದಲ್ಲಿ ಹೇಳುತ್ತದೆ. ಒಂದು ಜನಸಮುದಾಯದ ಅಂಕಿಗಳಿಂದ ಮಾಡಿದ ಕ್ಯಾಲ್ಕುಲೇಟರ್ ಇನ್ನೊಂದರಲ್ಲಿ ಹೆಚ್ಚೋ ಕಡಿಮೆಯೋ ತೋರಿಸಬಹುದು, ಹಾಗಾಗಿ ಬಂದ ಉತ್ತರವನ್ನು ಅಂದಾಜು ಎಂದೇ ತಿಳಿಯಿರಿ.

ಅಳತೆಯ ಬಗ್ಗೆ ಒಂದು ಮಾತು. ಹೆಚ್ಚಿನ ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬಿನ ಐದನೇ ಒಂದು ಭಾಗ ಕಳೆದು ಬರೆಯುತ್ತವೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬುವಂತಿಲ್ಲ. ದೊಡ್ಡ ಕಾಯಿಲೆ ಅಥವಾ ಶಸ್ತ್ರಚಿಕಿತ್ಸೆ ಆದ ಬೆನ್ನಲ್ಲೇ ಎಲ್‌ಡಿಎಲ್ ತಾನಾಗಿ ಇಳಿದಿರುತ್ತದೆ. ಥೈರಾಯ್ಡ್ ಕಡಿಮೆ ಇದ್ದರೆ ಏರಿರುತ್ತದೆ. ಜೀವನಪೂರ್ತಿಯ ಮಾತ್ರೆಯನ್ನು ಒಂದೇ ಒಂದು ರಿಪೋರ್ಟಿನ ಮೇಲೆ ಶುರು ಮಾಡಬೇಡಿ; ಎರಡು ಬಾರಿ ಅಳೆಸಿ, ಥೈರಾಯ್ಡ್ ಸ್ಥಿತಿ ಹೇಳುವ ಟಿಎಸ್‌ಎಚ್ ಕೂಡ ನೋಡಿಸಿ.

ಹಣದ ಪ್ರಭಾವ ನಿಜವಾಗಿ ಎಲ್ಲಿದೆ

ಇದೆಯೇ ಎಂದು ಕೇಳಬೇಕಿಲ್ಲ, ಇದೆ. ಎಲ್ಲಿ ಎಷ್ಟಿದೆ ಎನ್ನುವುದೇ ಪ್ರಶ್ನೆ.

ಅಮೆರಿಕದಲ್ಲಿ 2010ರ ಕಾನೂನಿನ ಪ್ರಕಾರ ಕಂಪನಿಗಳು ವೈದ್ಯರಿಗೆ ಕೊಟ್ಟ ಹಣ, ಊಟ, ಪ್ರಯಾಣ ಎಲ್ಲವನ್ನೂ ಸಾರ್ವಜನಿಕವಾಗಿ ದಾಖಲಿಸಬೇಕು. ಆ ದಾಖಲೆಯನ್ನು ಔಷಧ ಚೀಟಿಗಳ ಜೊತೆ ಇಟ್ಟು ನೋಡಿದ ಅಧ್ಯಯನವೊಂದು 2016ರಲ್ಲಿ ಬಂತು. ಸುಮಾರು 2,80,000 ವೈದ್ಯರ ಲೆಕ್ಕ. ಕಂಪನಿ ಕೊಡಿಸಿದ, 20 ಡಾಲರಿಗೂ ಕಡಿಮೆ ಬೆಲೆಯ ಒಂದೇ ಒಂದು ಊಟ ಉಂಡವರು ಕೂಡ ಆ ಕಂಪನಿಯ ಔಷಧವನ್ನು ಉಳಿದವರಿಗಿಂತ ಹೆಚ್ಚಾಗಿ ಬರೆದಿದ್ದರು. ಊಟ ಹೆಚ್ಚಿದಂತೆ ಚೀಟಿಯೂ ಹೆಚ್ಚು. ಊಟವೇ ಕಾರಣ ಎಂದು ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ, ಆದರೆ ಎರಡೂ ಒಟ್ಟಿಗೆ ಹೋಗುತ್ತವೆ ಎಂಬುದು ಸ್ಪಷ್ಟ. ಆ ಪಟ್ಟಿಯಲ್ಲಿದ್ದ ಸ್ಟಾಟಿನ್ ರೊಸುವಾಸ್ಟಾಟಿನ್. ಆಗ ಅದಕ್ಕೆ ಪೇಟೆಂಟ್ ಇತ್ತು. ಅಟೊರ್ವಸ್ಟಾಟಿನ್, ಸಿಮ್ವಾಸ್ಟಾಟಿನ್ ಜೆನೆರಿಕ್ ಆಗಿ ಅಗ್ಗವಾಗಿ ಸಿಗುತ್ತಿದ್ದವು. ಅಧ್ಯಯನ ಅಳೆದದ್ದೂ ಅದನ್ನೇ: ಸ್ಟಾಟಿನ್‌ಗಳ ನಡುವೆ ಯಾವುದನ್ನು ಬರೆದರು ಎಂಬುದನ್ನು.

ಎರಡನೆಯ ಜಾಗ ಮಾರ್ಗಸೂಚಿ. ಯಾವ ಅಂಕಿ ದಾಟಿದರೆ ಮಾತ್ರೆ ಎಂದು ನಿರ್ಧರಿಸುವ ಸಮಿತಿಯಲ್ಲಿ ಯಾರಿದ್ದಾರೆ ಎನ್ನುವುದು ಮುಖ್ಯ. 2004ರಲ್ಲಿ ಅಮೆರಿಕದ ಮಾರ್ಗಸೂಚಿ ಅತಿ ಹೆಚ್ಚಿನ ಅಪಾಯದವರಿಗೆ ಎಲ್‌ಡಿಎಲ್ ಗುರಿಯನ್ನು 70ರ ಕೆಳಗೆ ಇಳಿಸುವ ಆಯ್ಕೆ ಸೂಚಿಸಿದಾಗ, ಬರೆದ 9 ಮಂದಿಯಲ್ಲಿ 8 ಮಂದಿಗೆ ಸ್ಟಾಟಿನ್ ಕಂಪನಿಗಳ ಜೊತೆ ಹಣದ ಸಂಬಂಧವಿತ್ತು. ಮೊದಲಿಗೆ ಅದನ್ನು ಪ್ರಕಟಿಸಿಯೂ ಇರಲಿಲ್ಲ. ಆ ಗುರಿಯನ್ನು ಮುಂದಿನ ಪ್ರಯೋಗಗಳು ಬಹುಮಟ್ಟಿಗೆ ಬೆಂಬಲಿಸಿದವು. ಆದರೂ ಸಂಬಂಧ ಮುಚ್ಚಿಟ್ಟದ್ದು ತಪ್ಪೇ.

ಮೂರನೆಯದು, ಬೇಡವಾದ ಫಲಿತಾಂಶವನ್ನು ತಡಮಾಡುವುದು. ಸಿಮ್ವಾಸ್ಟಾಟಿನ್‌ಗೆ ಎಜೆಟಿಮಿಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಔಷಧ ಸೇರಿಸಿದ ಮಾತ್ರೆಯನ್ನು ಬರಿಯ ಸಿಮ್ವಾಸ್ಟಾಟಿನ್ ಜೊತೆ ಹೋಲಿಸಿದ ಎನ್‌ಹ್ಯಾನ್ಸ್ ಪ್ರಯೋಗ 2006ರಲ್ಲಿ ಮುಗಿದಿತ್ತು. ಕುತ್ತಿಗೆಯ ರಕ್ತನಾಳದ ಗೋಡೆ ದಪ್ಪವಾಗುವುದರಲ್ಲಿ ಏನೂ ವ್ಯತ್ಯಾಸವಿಲ್ಲ ಎಂಬ ಫಲಿತಾಂಶ ಹೊರಬಂದದ್ದು 2008ರ ಜನವರಿಯಲ್ಲಿ. ಅಷ್ಟು ಕಾಲವೂ ಆ ಮಾತ್ರೆ ಭರ್ಜರಿಯಾಗಿ ಮಾರಾಟವಾಗುತ್ತಿತ್ತು.

ನಾಲ್ಕನೆಯದೇ ಎಲ್ಲಕ್ಕಿಂತ ಅಪಾಯಕಾರಿ: ರಕ್ತದಲ್ಲಿನ ಅಂಕಿ ಚೆನ್ನಾದರೆ ಮನುಷ್ಯನೂ ಚೆನ್ನಾದ ಎಂದು ತಿಳಿಯುವುದು. ಫೈಜರ್‌ನ ಟಾರ್ಸೆಟ್ರಾಪಿಬ್ «ಒಳ್ಳೆಯ» ಎಚ್‌ಡಿಎಲ್ ಅನ್ನು ಶೇ. 72 ಏರಿಸಿತು, ಎಲ್‌ಡಿಎಲ್ ಅನ್ನು ಶೇ. 25 ಇಳಿಸಿತು. 15,067 ಜನರ ಪ್ರಯೋಗದಲ್ಲಿ ಔಷಧ ನುಂಗಿದವರಲ್ಲಿ 93 ಸಾವು, ನುಂಗದವರಲ್ಲಿ 59. 2006ರ ಡಿಸೆಂಬರ್‌ನಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು. ಬರಿಯ ಅಂಕಿ ನೋಡಿ ಅದನ್ನು ಮಾರುಕಟ್ಟೆಗೆ ಬಿಟ್ಟಿದ್ದರೆ ಎಷ್ಟು ಜನ ಹೋಗುತ್ತಿದ್ದರೋ.

ಇವೆಲ್ಲವನ್ನೂ ಜೋಡಿಸಿ ನೋಡಿ. ಪ್ರಭಾವ ಹೆಚ್ಚಾಗಿ ಕೆಲಸ ಮಾಡುವುದು ಪೇಟೆಂಟ್ ಇರುವ ಹೊಸ ಔಷಧದ ಮೇಲೆ, ಕಡಿಮೆ ಅಪಾಯದವರನ್ನೂ ರೋಗಿಗಳ ಪಟ್ಟಿಗೆ ಸೇರಿಸುವ ಗೆರೆಯ ಮೇಲೆ, ಅಂಕಿಯನ್ನು ಆರೋಗ್ಯವೆಂದು ತೋರಿಸುವುದರ ಮೇಲೆ. ಪೇಟೆಂಟ್ ಮುಗಿದು ಹತ್ತಾರು ಕಂಪನಿಗಳು ತಯಾರಿಸುವ ಹಳೆಯ ಸ್ಟಾಟಿನ್ ಅನ್ನು ಹೃದಯಾಘಾತ ಆದವರಿಗೆ ಬರೆಯುವುದರಲ್ಲಿ ಯಾರಿಗೂ ದೊಡ್ಡ ಗಂಟು ಸಿಗುವುದಿಲ್ಲ.

ಟೀಕಾಕಾರರ ಒಂದು ಮಾತು ಸರಿಯೇ: ಸಿಟಿಟಿ ತಂಡದ ಬಳಿ ಇರುವ ಒಬ್ಬೊಬ್ಬ ರೋಗಿಯ ಮಾಹಿತಿಯನ್ನು ಹೊರಗಿನ ಸಂಶೋಧಕರಿಗೆ ತೆರೆದಿಟ್ಟಿಲ್ಲ. ತೆರೆದಿಡಬೇಕು. ಇನ್ನೊಂದು ಟೀಕೆಯೂ ತೂಕದ್ದು. ಕೆಲವು ಪ್ರಯೋಗಗಳಲ್ಲಿ ಶುರುವಿಗೆ ಮುಂಚೆ ಕೆಲವು ವಾರ ಔಷಧ ಕೊಟ್ಟು ನೋಡಿ, ಮುಂದುವರಿಯಲು ಒಗ್ಗದವರನ್ನು ಬಿಟ್ಟುಬಿಟ್ಟರು. ಬ್ರಿಟನ್ನಿನ ಎಚ್‌ಪಿಎಸ್ ಎಂಬ ಸ್ಟಾಟಿನ್ ಪ್ರಯೋಗದಲ್ಲಿ 30,000ಕ್ಕೂ ಹೆಚ್ಚು ಜನ ಈ ಹಂತಕ್ಕೆ ಬಂದು, ಕೊನೆಗೆ ಪ್ರಯೋಗಕ್ಕೆ ಸೇರಿದವರು 20,536. ಬಿಟ್ಟವರೆಲ್ಲ ಅಡ್ಡಪರಿಣಾಮದಿಂದ ಬಿಟ್ಟವರಲ್ಲ, ಆದರೂ ಇಂಥ ಪ್ರಯೋಗದಲ್ಲಿ ಅಡ್ಡಪರಿಣಾಮದ ಅಂಕಿ ಕಡಿಮೆ ಕಾಣುವ ಸಾಧ್ಯತೆ ಇದ್ದೇ ಇದೆ.

ಆಯ್ಕೆಗಳು ಒಂದೊಂದಾಗಿ

ಮಾತ್ರೆ ಇಲ್ಲದೆ, ಊಟ ಮತ್ತು ಜೀವನಕ್ರಮ. ನಾಲ್ಕನೆಯ ಗುಂಪಿನಲ್ಲಿ ಅಪಾಯ ನೂರಕ್ಕೆ 5ರಿಂದ 7ರ ಒಳಗಿದ್ದರೆ ಇದೇ ಮೊದಲ ಆಯ್ಕೆ. ಎಲ್‌ಡಿಎಲ್ ಮೇಲೆ ನಿಜಕ್ಕೂ ಪರಿಣಾಮ ಬೀರುವುದು ಮೂರು: ತುಪ್ಪ, ಬೆಣ್ಣೆ, ತೆಂಗಿನೆಣ್ಣೆಯಂಥ ಗಟ್ಟಿ ಕೊಬ್ಬಿನ ಬದಲು ದ್ರವರೂಪದ ಸಸ್ಯಜನ್ಯ ಎಣ್ಣೆ; ದಿನಕ್ಕೆ 5ರಿಂದ 10 ಗ್ರಾಂ ಕರಗುವ ನಾರು, ಅಂದರೆ ಓಟ್ಸ್, ಬೇಳೆಕಾಳು, ಇಸಬ್‌ಗೋಲು, ಇದರಿಂದ ಎಲ್‌ಡಿಎಲ್ ಸುಮಾರು ಶೇ. 5 ಇಳಿಯುತ್ತದೆ; ದಿನಕ್ಕೆ 2 ಗ್ರಾಂ ಸಸ್ಯ ಸ್ಟೆರಾಲ್, ಇದರಿಂದ ಶೇ. 8ರಿಂದ 10. ಸೋಸದೆ ಕುದಿಸಿದ ಕಾಫಿಯಲ್ಲಿ ಉಳಿಯುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರ್‌ನಲ್ಲಿ ಸೋಸಿದರೆ ಅದು ಬಹುಪಾಲು ಹೊರಗುಳಿಯುತ್ತದೆ. ಮೂರು ತಿಂಗಳು ಹೀಗೆ ಮಾಡಿ ಮತ್ತೆ ಅಳೆಸಿ. ಎಲ್‌ಡಿಎಲ್ ಇಳಿಯಲಿ ಬಿಡಲಿ, ಸಿಗರೇಟು ಬಿಡುವುದು ಮತ್ತು ರಕ್ತದೊತ್ತಡ ಹತೋಟಿಗೆ ತರುವುದು ಬೇರೆಯದೇ ದಾರಿಯಲ್ಲಿ ಅಪಾಯ ಇಳಿಸುತ್ತವೆ. ಸೇದುವವರು ಮಾತ್ರೆ ಬೇಕೇ ಎಂದು ಚರ್ಚಿಸುವ ಮೊದಲು ಸಿಗರೇಟಿನ ವಿಷಯ ಇತ್ಯರ್ಥ ಮಾಡಬೇಕು. ಈ ದಾರಿ ಕೈಕೊಡುವುದು 190 ದಾಟಿದವರಲ್ಲಿ: ಯಕೃತ್ತು ರಕ್ತದಿಂದ ಎಲ್‌ಡಿಎಲ್ ಹಿಡಿದುಕೊಳ್ಳುವ ಗ್ರಾಹಕಗಳೇ ಅವರಲ್ಲಿ ಕೌಟುಂಬಿಕ ದೋಷವಿದ್ದವರಿಗೆ ಕಡಿಮೆ ಇರುವುದರಿಂದ ಎಷ್ಟೇ ಪಥ್ಯ ಮಾಡಿದರೂ ಸಾಲದು.

ಮಧ್ಯಮ ಪ್ರಮಾಣದ ಸ್ಟಾಟಿನ್. ಅಟೊರ್ವಸ್ಟಾಟಿನ್ 10ರಿಂದ 20 ಮಿಗ್ರಾಂ, ರೊಸುವಾಸ್ಟಾಟಿನ್ 5ರಿಂದ 10, ಸಿಮ್ವಾಸ್ಟಾಟಿನ್ 20ರಿಂದ 40, ಪ್ರಾವಾಸ್ಟಾಟಿನ್ 40ರಿಂದ 80. ಎಲ್‌ಡಿಎಲ್ ಶೇ. 30ರಿಂದ 49 ಇಳಿಯುತ್ತದೆ. ಮಧುಮೇಹಿಗಳಿಗೂ ಮಧ್ಯಮ ಅಪಾಯದವರಿಗೂ ಇದೇ ಸಾಮಾನ್ಯ ಆಯ್ಕೆ. ಹೆಚ್ಚಿನ ಪ್ರಮಾಣ ಎಂದರೆ ಅಟೊರ್ವಸ್ಟಾಟಿನ್ 40ರಿಂದ 80, ರೊಸುವಾಸ್ಟಾಟಿನ್ 20ರಿಂದ 40, ಇಳಿಕೆ ಶೇ. 50 ಅಥವಾ ಮೇಲೆ. ಇದು ಮೊದಲ ಎರಡು ಗುಂಪಿಗೆ. ಇಲ್ಲಿ ಒಂದು ನಿಯಮ ನೆನಪಿಡಿ: ಪ್ರಮಾಣ ದುಪ್ಪಟ್ಟು ಮಾಡಿದರೆ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಶೇ. 6 ಮಾತ್ರ. ಲಾಭದ ಹೆಚ್ಚಿನ ಪಾಲು ಮೊದಲ ಸಣ್ಣ ಮಾತ್ರೆಯಲ್ಲೇ ಬಂದಿರುತ್ತದೆ. ಏಷ್ಯಾದ ಮೂಲದವರಲ್ಲಿ ರೊಸುವಾಸ್ಟಾಟಿನ್ ರಕ್ತದಲ್ಲಿ ಸುಮಾರು ಎರಡು ಪಟ್ಟು ಸೇರುತ್ತದೆಂದು ಅಮೆರಿಕದಲ್ಲಿ ಆ ಔಷಧದ ಜೊತೆ ಬರುವ ಅಧಿಕೃತ ಮಾಹಿತಿ ಪತ್ರವೇ ಹೇಳುತ್ತದೆ, 5 ಮಿಗ್ರಾಂನಿಂದ ಶುರು ಮಾಡಲು ಸೂಚಿಸುತ್ತದೆ. ಶುರುವಿಗೇ 20 ಬರೆದಿದ್ದರೆ ಕಾರಣ ಕೇಳಿ.

ಎಜೆಟಿಮಿಬ್ 10 ಮಿಗ್ರಾಂ. ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುತ್ತದೆ. ಒಂದೇ ಕೊಟ್ಟರೆ ಎಲ್‌ಡಿಎಲ್ ಶೇ. 18ರ ಆಸುಪಾಸು ಇಳಿಯುತ್ತದೆ. ಎನ್‌ಹ್ಯಾನ್ಸ್ ಹಗರಣದಿಂದ ಇದಕ್ಕೆ ಕೆಟ್ಟ ಹೆಸರು ಬಂದಿತ್ತು. ಆದರೆ 18,144 ಜನರ ಇಂಪ್ರೂವ್-ಇಟ್ ಪ್ರಯೋಗದಲ್ಲಿ, ಹೃದಯಾಘಾತದಂಥ ತುರ್ತಿನಿಂದ ಆಸ್ಪತ್ರೆ ಸೇರಿದ್ದವರಿಗೆ ಸಿಮ್ವಾಸ್ಟಾಟಿನ್ ಜೊತೆ ಇದನ್ನು ಸೇರಿಸಿ ಕೊಟ್ಟಾಗ 7 ವರ್ಷದಲ್ಲಿ ಘಟನೆಗಳು ನೂರಕ್ಕೆ 34.7ರಿಂದ 32.7ಕ್ಕೆ ಇಳಿದವು. ಸಾವಿನ ಸಂಖ್ಯೆ ಬದಲಾಗಲಿಲ್ಲ. ಸಣ್ಣದು, ಆದರೆ ನಿಜವಾದ ಲಾಭ. ಹೆಚ್ಚಿನ ಪ್ರಮಾಣ ಒಗ್ಗದವರಿಗೆ ಮಧ್ಯಮ ಸ್ಟಾಟಿನ್ ಜೊತೆ ಇದನ್ನು ಸೇರಿಸುವುದು ಜಾಣತನ. 2022ರ ರೇಸಿಂಗ್ ಪ್ರಯೋಗದಲ್ಲಿ ರೊಸುವಾಸ್ಟಾಟಿನ್ 10 ಮತ್ತು ಎಜೆಟಿಮಿಬ್ 10 ಕೂಡಿಸಿದ್ದು ರೊಸುವಾಸ್ಟಾಟಿನ್ 20ಕ್ಕೆ ಸಮನಾಗಿ ನಿಂತಿತು; ಒಗ್ಗದೆ ಬಿಟ್ಟವರು ಅಥವಾ ಪ್ರಮಾಣ ಇಳಿಸಿದವರು ನೂರಕ್ಕೆ 8.2 ಇದ್ದದ್ದು 4.8 ಆಯಿತು. ಇದರ ಹಣ ಜೋಡಿ ಮಾತ್ರೆ ತಯಾರಿಸುವ ಕಂಪನಿಯದು, ಮತ್ತು ಯಾರು ಯಾವ ಮಾತ್ರೆ ನುಂಗುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಆ ಲೆಕ್ಕದಲ್ಲೇ ತೂಗಿ.

ಬೆಂಪೆಡೊಯಿಕ್ ಆಮ್ಲ 180 ಮಿಗ್ರಾಂ. ಇದನ್ನು ಕ್ರಿಯಾಶೀಲಗೊಳಿಸುವ ಕಿಣ್ವ ಯಕೃತ್ತಿನಲ್ಲಿದೆ, ಸ್ನಾಯುವಿನಲ್ಲಿಲ್ಲ. ಹಾಗಾಗಿ ಸ್ಟಾಟಿನ್‌ನಿಂದ ನೋವಾಗುವವರಿಗೆ ಇದನ್ನು ಯೋಚಿಸಬಹುದು. 2023ರ ಕ್ಲಿಯರ್ ಪ್ರಯೋಗದಲ್ಲಿ ಸ್ಟಾಟಿನ್ ಒಗ್ಗದ 13,970 ಜನರಲ್ಲಿ ಘಟನೆಗಳು ನೂರಕ್ಕೆ 13.3ರಿಂದ 11.7ಕ್ಕೆ ಇಳಿದವು. ಯೂರಿಕ್ ಆಮ್ಲ ಏರಿಸುತ್ತದೆ. ಗೌಟ್ (ಕೀಲು ಊದಿ ನೋಯುವ ಕಾಯಿಲೆ) ನೂರಕ್ಕೆ 2.1ರಿಂದ 3.1ಕ್ಕೆ ಏರಿತು. ಮೊದಲೇ ಗೌಟ್ ಇದ್ದವರಿಗೆ ಇದು ಬೇಡ.

ಪಿಸಿಎಸ್‌ಕೆ9 ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದು, ಅಂದರೆ ಎವೊಲೊಕುಮಾಬ್ ಮತ್ತು ಅಲಿರೊಕುಮಾಬ್. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಚರ್ಮದಡಿ. ಎಲ್‌ಡಿಎಲ್ ಶೇ. 60ರಷ್ಟು ಇಳಿಯುತ್ತದೆ, ನೋಡಲು ಬೆರಗು. ಆದರೆ 27,564 ಜನರ ಫೋರಿಯರ್ ಪ್ರಯೋಗದಲ್ಲಿ 2.2 ವರ್ಷಕ್ಕೆ ಘಟನೆಗಳು ನೂರಕ್ಕೆ 11.3ರಿಂದ 9.8ಕ್ಕೆ ಇಳಿದವು, ಸಾವು ಔಷಧದವರಲ್ಲಿ 444, ಹುಸಿ ಮದ್ದಿನವರಲ್ಲಿ 426, ಅಂದರೆ ಇಳಿಯಲಿಲ್ಲ. ಕೌಟುಂಬಿಕ ದೋಷವಿದ್ದವರಿಗೆ, ಮಾತ್ರೆಗಳಿಂದ ಗುರಿ ಮುಟ್ಟದ ಹೃದ್ರೋಗಿಗಳಿಗೆ ಇದು ಬೆಲೆಯುಳ್ಳ ಔಷಧ. ಸ್ಟಾಟಿನ್ ಮತ್ತು ಎಜೆಟಿಮಿಬ್ ಎರಡನ್ನೂ ಸರಿಯಾಗಿ ಬಳಸಿ ನೋಡದೆ ನೇರವಾಗಿ ಇದಕ್ಕೆ ಜಿಗಿದರೆ ಅನುಮಾನ ಪಡಬೇಕಾದ ಜಾಗ ಇದೇ. ವರ್ಷಕ್ಕೆರಡು ಬಾರಿಯ ಇಂಕ್ಲಿಸಿರಾನ್ ಚುಚ್ಚುಮದ್ದು ಎಲ್‌ಡಿಎಲ್ ಅನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಅದಕ್ಕೆ ಅನುಮತಿ ಸಿಕ್ಕಿದ್ದು ಆ ಅಂಕಿಯ ಆಧಾರದ ಮೇಲೆ, ಹೃದಯಾಘಾತ ಎಷ್ಟು ತಪ್ಪಿತು ಎಂಬ ಪುರಾವೆಯ ಮೇಲಲ್ಲ. ಟಾರ್ಸೆಟ್ರಾಪಿಬ್ ಕಥೆ ಗೊತ್ತಿದ್ದವರು ಈ ವ್ಯತ್ಯಾಸವನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

«ನೈಸರ್ಗಿಕ» ಪೂರಕಗಳು. ಔಷಧ ಕಂಪನಿಯ ಮೇಲೆ ನಂಬಿಕೆ ಕಳೆದುಕೊಂಡವರು ಹೆಚ್ಚಾಗಿ ಸೇರುವುದು ಇಲ್ಲಿಗೆ, ಮತ್ತು ಇಲ್ಲೇ ಅವರಿಗೆ ರಕ್ಷಣೆ ಅತಿ ಕಡಿಮೆ. ಕೆಂಪು ಯೀಸ್ಟ್ ಅಕ್ಕಿಯಲ್ಲಿರುವ ಮೊನಾಕೊಲಿನ್ ಕೆ ಎಂಬುದು ಲೋವಾಸ್ಟಾಟಿನ್ನೇ, ಅಣುವಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಏನೆಂದರೆ ಒಂದು ಡಬ್ಬಿಯಲ್ಲಿ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ ಎಂದು ತಿಳಿಯದು. ಮೂತ್ರಪಿಂಡಕ್ಕೆ ಕೆಡುಕಾದ ಸಿಟ್ರಿನಿನ್ ಎಂಬ ಶಿಲೀಂಧ್ರ ವಿಷವೂ ಬೆರೆತಿರಬಹುದು. ಯುರೋಪಿನ ಒಕ್ಕೂಟ 2022ರಲ್ಲಿ ಮೊನಾಕೊಲಿನ್ ದಿನಕ್ಕೆ 3 ಮಿಗ್ರಾಂಗಿಂತ ಕಡಿಮೆ ಇರಬೇಕೆಂದು ಮಿತಿ ಹಾಕಿತು. ಅದೇ ವರ್ಷದ ಸ್ಪೋರ್ಟ್ ಪ್ರಯೋಗ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಸಿನ, ಸಸ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿಯ ಪೂರಕಗಳನ್ನು ರೊಸುವಾಸ್ಟಾಟಿನ್ 5 ಮಿಗ್ರಾಂ ಜೊತೆ 28 ದಿನ ಹೋಲಿಸಿತು. ಮಾತ್ರೆ ಎಲ್‌ಡಿಎಲ್ ಅನ್ನು ಸುಮಾರು ಶೇ. 38 ಇಳಿಸಿತು, ಪೂರಕಗಳಲ್ಲಿ ಒಂದೂ ಹುಸಿ ಗುಳಿಗೆಯನ್ನು ಖಚಿತವಾಗಿ ಮೀರಲಿಲ್ಲ. ಹಣ ಕೊಟ್ಟದ್ದು ರೊಸುವಾಸ್ಟಾಟಿನ್ ಕಂಪನಿ, ಅವಧಿಯೂ ಚಿಕ್ಕದು. ಆದರೆ ಪೂರಕ ಮಾರುವವರೂ ವ್ಯಾಪಾರಿಗಳೇ, ಅವರು ಹೃದಯಾಘಾತದ ಲೆಕ್ಕ ತೋರಿಸಬೇಕೆಂದು ಯಾವ ಕಾನೂನೂ ಒತ್ತಾಯಿಸುವುದಿಲ್ಲ.

ಸ್ಟಾಟಿನ್ ಜೊತೆಗೆ ನಯಾಸಿನ್ (ವಿಟಮಿನ್ ಬಿ3) ಸೇರಿಸುವುದು ಬೇಡ. 2011 ಮತ್ತು 2014ರ ದೊಡ್ಡ ಪ್ರಯೋಗಗಳಲ್ಲಿ ಸೋತಿದೆ.

ನೋವು, ಸಕ್ಕರೆ, ಮತ್ತು ಪರೀಕ್ಷಿಸುವ ಕ್ರಮ

ಸ್ನಾಯು ನೋವಿನ ವಿಷಯದಲ್ಲಿ ಎರಡೂ ಕಡೆಯವರು ಅತಿಯಾಗಿ ಮಾತಾಡಿದ್ದಾರೆ. 2022ರ ಸಿಟಿಟಿ ವಿಶ್ಲೇಷಣೆಯಲ್ಲಿ ನೋವು ಹೇಳಿದವರು ಸ್ಟಾಟಿನ್ ಗುಂಪಿನಲ್ಲಿ ನೂರಕ್ಕೆ 27.1, ಹುಸಿ ಗುಳಿಗೆಯಲ್ಲಿ 26.6. ಮೊದಲ ವರ್ಷದಲ್ಲಿ ಸಾವಿರಕ್ಕೆ ಸುಮಾರು 11 ಮಂದಿಗೆ ಮಾತ್ರೆಯಿಂದಲೇ ನೋವು. ಉಳಿದದ್ದು ಹೇಗಿದ್ದರೂ ಬರುತ್ತಿದ್ದ ನೋವು. ಸ್ಯಾಮ್ಸನ್ ಎಂಬ ಸಣ್ಣ ಪ್ರಯೋಗದಲ್ಲಿ, ಅಡ್ಡಪರಿಣಾಮದಿಂದ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ 12 ತಿಂಗಳಿಗೆ 12 ಬಾಟಲಿ ಕೊಟ್ಟರು: 4ರಲ್ಲಿ ಸ್ಟಾಟಿನ್, 4ರಲ್ಲಿ ಹುಸಿ ಗುಳಿಗೆ, 4 ಖಾಲಿ. ಸ್ಟಾಟಿನ್ ತಿಂಗಳಲ್ಲಿ ಆದ ತೊಂದರೆಯ ಶೇ. 90 ಹುಸಿ ಗುಳಿಗೆಯ ತಿಂಗಳಲ್ಲೂ ಆಗಿತ್ತು. ನೋವು ಸುಳ್ಳು ಎಂದಲ್ಲ ಇದರ ಅರ್ಥ; ನೋವು ನಿಜ, ಕಾರಣ ಹೆಚ್ಚಿನವರಲ್ಲಿ ಮಾತ್ರೆಯೊಳಗಿನ ವಸ್ತುವಲ್ಲ. ಹಾಗೆಂದು «ಎಲ್ಲ ನಿಮ್ಮ ಮನಸ್ಸಿನದು» ಎಂದು ವೈದ್ಯರು ತಳ್ಳಿಹಾಕುವುದೂ ತಪ್ಪು, ಏಕೆಂದರೆ ಆ ಸಾವಿರಕ್ಕೆ 11ರಲ್ಲಿ ನೀವೂ ಇರಬಹುದು.

ಕಂಡುಹಿಡಿಯುವುದು ಹೀಗೆ. ಶುರು ಮಾಡುವ ಮೊದಲೇ ಎರಡು ವಾರ ಎಲ್ಲೆಲ್ಲಿ ನೋವಿದೆ ಬರೆದಿಡಿ. ಸ್ಟಾಟಿನ್ ನೋವು ಸಾಮಾನ್ಯವಾಗಿ ತೊಡೆ, ಸೊಂಟ, ಹೆಗಲಿನ ದೊಡ್ಡ ಸ್ನಾಯುಗಳಲ್ಲಿ, ಎರಡೂ ಬದಿ, ಮೊದಲ ವಾರಗಳಲ್ಲಿ ಅಥವಾ ಪ್ರಮಾಣ ಏರಿಸಿದ ಮೇಲೆ ಬರುತ್ತದೆ. ಒಂದೇ ಮೊಣಕಾಲು, ಜೋಮು, ಚುಚ್ಚುವ ನೋವು ಬೇರೆ ಕಾರಣದ್ದಿರುವ ಸಾಧ್ಯತೆ ಹೆಚ್ಚು. ನೋವು ಬಂದರೆ ಸ್ನಾಯು ಹಾನಿ ತೋರಿಸುವ ಸಿಕೆ ಮತ್ತು ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅಥವಾ ಸಿಕೆ ಮಾಮೂಲಿನ 10 ಪಟ್ಟು ದಾಟಿದರೆ ಮಾತ್ರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಸ್ನಾಯು ಕರಗಿ ಮೂತ್ರಪಿಂಡ ಕೆಡುವ ರಾಬ್ಡೊಮಯೊಲಿಸಿಸ್ ಅಪರೂಪ, ಆದರೆ ಪ್ರಾಣಾಂತಿಕ. ಸೆರಿವಾಸ್ಟಾಟಿನ್ ಅನ್ನು 2001ರಲ್ಲಿ ಹಿಂತೆಗೆದದ್ದು ಇದಕ್ಕೇ. ಹಾಗೇನೂ ಇಲ್ಲದಿದ್ದರೆ ವೈದ್ಯರಿಗೆ ತಿಳಿಸಿ 2ರಿಂದ 4 ವಾರ ನಿಲ್ಲಿಸಿ. ನೋವು ಹೋಗದಿದ್ದರೆ ಕಾರಣ ಬಹುಮಟ್ಟಿಗೆ ಮಾತ್ರೆಯಲ್ಲ. ಹೋದರೆ ಬೇರೆ ಸ್ಟಾಟಿನ್ ಸಣ್ಣ ಪ್ರಮಾಣದಲ್ಲಿ, ಉದಾಹರಣೆಗೆ ರೊಸುವಾಸ್ಟಾಟಿನ್ 5 ಮಿಗ್ರಾಂ ದಿನ ಬಿಟ್ಟು ದಿನ. ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವ ಕಾರಣ ಹಾಗೆ ತೆಗೆದುಕೊಂಡರೂ ಕೆಲಸ ಮಾಡುತ್ತದೆ. ಸ್ಟೆಂಟ್ ಅಥವಾ ಹೃದಯಾಘಾತ ಈಚೆಗೆ ಆದವರು ಈ ನಿಲ್ಲಿಸುವ ಪರೀಕ್ಷೆಯನ್ನು ತಾವಾಗಿಯೇ ಮಾಡಬಾರದು.

ನೋವಿಗೆ ಇನ್ನೊಂದು ಕಾರಣ ಔಷಧಗಳ ಘರ್ಷಣೆ, ಇದು ಸುಲಭವಾಗಿ ತಪ್ಪಿಸಬಹುದಾದ್ದು. ಸಿಮ್ವಾಸ್ಟಾಟಿನ್ ಮತ್ತು ಸ್ವಲ್ಪಮಟ್ಟಿಗೆ ಅಟೊರ್ವಸ್ಟಾಟಿನ್ ಯಕೃತ್ತಿನ ಒಂದೇ ಕಿಣ್ವದಿಂದ ಕರಗುತ್ತವೆ. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್, ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಾಕೊನಜೋಲ್, ಹೆಚ್ಚು ಗ್ರೇಪ್‌ಫ್ರೂಟ್ ರಸ ಆ ಕಿಣ್ವವನ್ನು ಕಟ್ಟಿಹಾಕಿ ಮಾತ್ರೆಯ ಮಟ್ಟವನ್ನು ಏರಿಸುತ್ತವೆ. ರಕ್ತದೊತ್ತಡಕ್ಕೆ ಅಮ್ಲೊಡಿಪಿನ್ ನುಂಗುವವರಿಗೆ ಸಿಮ್ವಾಸ್ಟಾಟಿನ್ 20 ಮಿಗ್ರಾಂ ಮೀರಬಾರದು. ಸಿಮ್ವಾಸ್ಟಾಟಿನ್ ಜೊತೆ ಟ್ರೈಗ್ಲಿಸರೈಡ್ ಇಳಿಸುವ ಜೆಮ್‌ಫೈಬ್ರೊಜಿಲ್ ಸರ್ವಥಾ ಬೇಡ. ಪ್ರಾವಾಸ್ಟಾಟಿನ್, ರೊಸುವಾಸ್ಟಾಟಿನ್ ಈ ದಾರಿ ಹಿಡಿಯುವುದಿಲ್ಲ. ಗರ್ಭಿಣಿಯಾದರೆ ಮಾತ್ರೆ ಮುಂದುವರಿಸುವ ಮುಂಚೆ ವೈದ್ಯರನ್ನು ಕೇಳಲೇಬೇಕು, ಹೆಚ್ಚಿನವರಲ್ಲಿ ನಿಲ್ಲಿಸುತ್ತಾರೆ.

ಮಧುಮೇಹದ ಅಪಾಯ ನಿಜ, ಹುಸಿಯಲ್ಲ. ಜುಪಿಟರ್ ಪ್ರಯೋಗದ 17,802 ಜನರಲ್ಲಿ ಹೊಸದಾಗಿ ಮಧುಮೇಹ ಬಂದವರು ರೊಸುವಾಸ್ಟಾಟಿನ್ 20 ಮಿಗ್ರಾಂ ಗುಂಪಿನಲ್ಲಿ 270, ಹುಸಿ ಗುಳಿಗೆಯಲ್ಲಿ 216. ಹೆಚ್ಚಿನವರು ಮೊದಲೇ ಗಡಿಯ ಹತ್ತಿರ ಇದ್ದವರು, ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಕಡಿಮೆ ಹೃದಯಾಪಾಯ, ಗಡಿಯಲ್ಲಿ ಸಕ್ಕರೆ, ಇವೆರಡೂ ಇದ್ದವರಿಗೆ ಹೆಚ್ಚಿನ ಪ್ರಮಾಣ ಬರೆಯುವುದಕ್ಕೆ ಬಲವಾದ ಕಾರಣ ಬೇಕು.

ಗೆರೆಯ ಮೇಲೆ ನಿಂತವರಿಗೆ

ಅಪಾಯ ನೂರಕ್ಕೆ 7ರಿಂದ 20ರ ನಡುವೆ ಇದ್ದು ಮನಸ್ಸು ಹೊಯ್ದಾಡುತ್ತಿದ್ದರೆ ಎರಡು ಪರೀಕ್ಷೆಗಳು ಸಹಾಯಕ್ಕೆ ಬರುತ್ತವೆ. ಹೃದಯದ ರಕ್ತನಾಳದ ಕ್ಯಾಲ್ಸಿಯಂ ಸ್ಕೋರ್ ಸಿಟಿ ಸ್ಕ್ಯಾನ್: ಸೊನ್ನೆ ಬಂದರೆ, ಸೇದದವರೂ ಮಧುಮೇಹವಿಲ್ಲದವರೂ ಮಾತ್ರೆಯನ್ನು ಕೆಲವು ವರ್ಷ ಮುಂದೂಡಬಹುದು, 100 ದಾಟಿದರೆ ಅನುಮಾನ ಬದಿಗಿಟ್ಟು ಶುರು ಮಾಡುವುದು ಒಳ್ಳೆಯದು. ಎರಡನೆಯದು ಎಲ್‌ಡಿಎಲ್‌ನಂಥದೇ ಕಣವಾದ ಲಿಪೊಪ್ರೋಟೀನ್ ಎ ರಕ್ತಪರೀಕ್ಷೆ. ಇದು ಬಹುಮಟ್ಟಿಗೆ ವಂಶದಿಂದ ನಿರ್ಧಾರವಾಗುವುದರಿಂದ ಜೀವನದಲ್ಲಿ ಒಮ್ಮೆ ನೋಡಿಸಿದರೆ ಸಾಕು; ಏರಿದ್ದರೆ ನಿಮ್ಮ ಅಪಾಯ ಕ್ಯಾಲ್ಕುಲೇಟರ್ ಹೇಳಿದ್ದಕ್ಕಿಂತ ಹೆಚ್ಚು.

ವೈದ್ಯರ ಬಳಿ ಮೂರೇ ಪ್ರಶ್ನೆ ಒಯ್ಯಿರಿ. ಈ ಮಾತ್ರೆಯಿಂದ ನನ್ನಂಥ ನೂರು ಜನರಲ್ಲಿ ಎಷ್ಟು ಜನರಿಗೆ ಹೃದಯಾಘಾತ ತಪ್ಪುತ್ತದೆ? ಇದೇ ಕೆಲಸ ಮಾಡುವ ಜೆನೆರಿಕ್ ಇದೆಯೇ, ಇದ್ದರೆ ಅದನ್ನೇಕೆ ಬರೆಯಲಿಲ್ಲ? ಎಷ್ಟು ವಾರಕ್ಕೆ ಮತ್ತೆ ಪರೀಕ್ಷೆ, ಆಗ ಅಂಕಿ ಎಷ್ಟಿರಬೇಕು? ಸರಿಯಾದ ಉತ್ತರ 4ರಿಂದ 12 ವಾರ. ಪ್ರಶ್ನೆಗೆ ಬೇಸರಿಸದೆ ಲೆಕ್ಕ ಹೇಳುವ ವೈದ್ಯರು ಸಿಕ್ಕರೆ, ಅವರ ಮೇಜಿನ ಮೇಲೆ ಕಂಪನಿಯ ಪೆನ್ನು ಇದ್ದರೂ ಅವರ ಮಾತು ಕೇಳುವಂಥದ್ದು.

75 ದಾಟಿ, ಹೃದ್ರೋಗ ಇಲ್ಲದವರಲ್ಲಿ ಪುರಾವೆ ತೆಳುವಾಗುತ್ತದೆ. 2020ರಲ್ಲಿ 8 ಪ್ರಯೋಗಗಳನ್ನು ಒಟ್ಟುಗೂಡಿಸಿದ ಅಧ್ಯಯನದ ಪ್ರಕಾರ, ಇನ್ನೂ ಹೃದ್ರೋಗ ಬಂದಿರದ 50ರಿಂದ 75ರ ವಯಸ್ಸಿನ ನೂರು ಜನರಲ್ಲಿ ಒಂದು ಘಟನೆ ತಪ್ಪಲು ಸುಮಾರು ಎರಡೂವರೆ ವರ್ಷ ಬೇಕು. ಅಷ್ಟು ಕಾಲ ಬದುಕುವ ಭರವಸೆ ಇಲ್ಲದ ತೀವ್ರ ಕಾಯಿಲೆಯವರಿಗೆ ಹೊಸದಾಗಿ ಶುರು ಮಾಡುವುದರಲ್ಲಿ ಅರ್ಥವಿಲ್ಲ. ಇನ್ನು ಹೆಚ್ಚೆಂದರೆ ಒಂದು ವರ್ಷ ಎಂಬ ಸ್ಥಿತಿಯಲ್ಲಿದ್ದ 381 ರೋಗಿಗಳಲ್ಲಿ, ಅರ್ಧ ಜನರಿಗೆ ಸ್ಟಾಟಿನ್ ನಿಲ್ಲಿಸಿ ನೋಡಿದ ಪ್ರಯೋಗ 2015ರಲ್ಲಿ ಬಂತು: 60 ದಿನದೊಳಗಿನ ಸಾವಿನಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ, ಉಳಿದ ದಿನಗಳು ಮಾತ್ರೆ ನಿಲ್ಲಿಸಿದವರಿಗೇ ಸ್ವಲ್ಪ ಹಿತವಾಗಿದ್ದವು. ಮನೆಯಲ್ಲಿ ಅಂಥ ಹಿರಿಯರಿದ್ದು ದಿನಕ್ಕೆ ಹತ್ತು ಹನ್ನೆರಡು ಮಾತ್ರೆ ನುಂಗುತ್ತಿದ್ದರೆ, ಇದನ್ನು ಇನ್ನು ಬಿಡಬಹುದೇ ಎಂದು ವೈದ್ಯರನ್ನು ನೀವೇ ಕೇಳಿ. ಹೆಚ್ಚಿನ ಕಡೆ ಯಾರೂ ತಾವಾಗಿ ಹೇಳುವುದಿಲ್ಲ.